ನಲವತ್ತೊಂದು ಕಣ್ಣುಗಳ ಬಾಣಂತನ

ಪೊರೆ ತೆಗೆದ ಮೇಲೆ ಮೂರು ದಿನ ತಲೆ ಅಲುಗಾಡಬಾರದು ಎಂಬುದು ನನಗೆ ಗೊತ್ತಾದದ್ದು ನಮ್ಮ ಧರ್ಮಸಂಸ್ಥೆಯ ಸಭೆಯಲ್ಲಿ. ದಾವಣಗೆರೆಯಲ್ಲಿ ಅಧ್ಯಕ್ಷರ ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಾವು ಆರು ಜನ ಟ್ರಸ್ಟಿಗಳು ಚಾಪೆಯ ಮೇಲೆ ಕೂತಿದ್ದೆವು. ಐದು ಜನ ಗಂಡಸರು, ನಾನೊಬ್ಬಳು. ನಮ್ಮ ಮಾವನವರು ತೀರಿಕೊಂಡಾಗ ಅವರ ಜಾಗಕ್ಕೆ ಮನೆಯವರು ಒಬ್ಬರು ಬೇಕೆಂದು ನನ್ನ ಹೆಸರು ಬರೆಸಿದ್ದರು. ಎರಡು ವರ್ಷದಿಂದ ನಾನು ಸಭೆಯಲ್ಲಿ ಮಾಡಿದ ಕೆಲಸವೆಂದರೆ ತೋರಿಸಿದ ಕಡೆ ಸಹಿ ಹಾಕಿದ್ದು, ಚಹಾದ ಲೋಟ ಎಣಿಸಿ ಕೆಳಗೆ ಕಳಿಸಿದ್ದು.

ಅವತ್ತು ಪರವೂರಿನಿಂದ ಕಣ್ಣಿನ ಡಾಕ್ಟರೊಬ್ಬರು ಬಂದಿದ್ದರು. ಬಡವರಿಗೆ ಪುಕ್ಕಟೆ ಪೊರೆ ತೆಗೆಯುವ ಶಿಬಿರ ಮಾಡೋಣವೆಂದು ನಾವೇ ಅವರನ್ನು ಕರೆಸಿದ್ದು. ಅವರು ಸುತ್ತುಬಳಸಿ ಮಾತಾಡುವವರಲ್ಲ.

"ಪೊರೆ ತೆಗೆಯೋದು ನನ್ನ ಕೆಲಸ. ಒಂದು ಕಣ್ಣಿಗೆ ಕಾಲು ಗಂಟೆ ಸಾಕು. ಆಮೇಲಿನ ಮೂರು ದಿನ ಮಾತ್ರ ನಿಮ್ಮದು. ಹೊಲಿಗೆ ಹಾಕೋದು ಒಂದೇ ಒಂದು, ಗಾಯ ತಾನಾಗಿ ಕೂಡಬೇಕು. ಎದ್ದು ಕೂತರೆ, ಕೆಮ್ಮಿದರೆ, ತಿಣುಕಿದರೆ ಕಣ್ಣು ಹೋಯಿತು. ಯಾರು ನೋಡ್ಕೋತೀರಿ?"

ಐದೂ ಜನ ಜಂತೆ ನೋಡಿದರು. ಎಣ್ಣೆ ಗಾಣದವರೊಬ್ಬರು ನರ್ಸುಗಳನ್ನು ಗೊತ್ತು ಮಾಡಿದರಾಯಿತು ಎಂದರು. ಡಾಕ್ಟರ ಜೊತೆ ಬರುವ ನರ್ಸುಗಳು ಇಬ್ಬರೇ. ನನ್ನ ಬಾಯಿಂದ ಮಾತು ಹೇಗೆ ಬಂತೋ ತಿಳಿಯದು.

"ನಾನು ಎಂಟು ಬಾಣಂತನ ಮಾಡೀನ್ರಿ. ಅಷ್ಟು ಸಾಲತೈತೆ ಅಂದ್ರೆ ನಾನು ನೋಡ್ಕೋತೀನಿ."

ಯಾರೋ ನಕ್ಕರು. ಡಾಕ್ಟರು ನಗಲಿಲ್ಲ. "ಅದೇ ಬೇಕಾಗಿರೋದಮ್ಮ" ಎಂದರು.

ಮನೆಯಲ್ಲಿ ನಮ್ಮವರು ಊಟಕ್ಕೆ ಕೂತಾಗ ವಿಷಯ ಹೇಳಿದೆ. "ಹಡೆದಿಲ್ಲ ಹೆತ್ತಿಲ್ಲ, ಅಂಥೋರ ಬಾಣಂತನಕ್ಕ ಹೊಂಟಿ ನೋಡು" ಎಂದು ಇನ್ನೊಂದು ರೊಟ್ಟಿ ಕೇಳಿದರು. ಬೇಡವೆನ್ನಲಿಲ್ಲ.

ಶಿಬಿರಕ್ಕೆ ಮೊದಲು ನೋಡಿದ್ದು ದಾವಣಗೆರೆಯ ಒಂದು ಹತ್ತಿ ಗೋದಾಮು. ಡಾಕ್ಟರು ಗೋಡೆಯ ಮೇಲೆ ಬೆರಳೆಳೆದು, ಬೆರಳಿಗೆ ಹತ್ತಿದ ನೂಲಿನಂಥ ಧೂಳನ್ನು ಅಧ್ಯಕ್ಷರ ಮುಂದೆ ಹಿಡಿದರು. ಅಲ್ಲಿಗೆ ಆ ಮಾತು ಮುಗಿಯಿತು. ಕೊನೆಗೆ ಹರಿಹರದಲ್ಲಿ ಹೊಳೆಯ ಹತ್ತಿರ ನಮ್ಮದೇ ಸಂಸ್ಥೆಯ ಕಲ್ಲಿನ ಛತ್ರ ಗೊತ್ತಾಯಿತು. ನಾನು ಹದಿನೈದು ದಿನ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದೆ. ಸುಣ್ಣ ಹೊಡೆಸಿದೆ. ಕಲ್ಲುಹಾಸನ್ನು ಮೂರು ಸಲ ಸೋಡಾ ನೀರಲ್ಲಿ ತಿಕ್ಕಿಸಿದೆ. ಒಬ್ಬೊಬ್ಬರ ತಲೆಯ ಎರಡೂ ಕಡೆ ಇಡಲು ಒಂದೊಂದು ಮರಳಿನ ಚೀಲ ಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಹೊಳೆಯ ಮರಳು ತರಿಸಿ, ಜರಡಿ ಹಿಡಿದು, ಕಡಾಯಿಯಲ್ಲಿ ಹುರಿದು ಆರಿಸಿ, ಕೋರಾ ಬಟ್ಟೆಯ ಚೀಲಕ್ಕೆ ತುಂಬಿ ಬಾಯಿ ಹೊಲಿದೆವು. ಚೀಲ ಗಟ್ಟಿಯಾಗಿ ತುಂಬಿದರೆ ಕಲ್ಲಾಗುತ್ತದೆ, ಸಡಿಲ ಬಿಟ್ಟರೆ ಜರುಗುತ್ತದೆ. ಮುಕ್ಕಾಲು ತುಂಬಿದರೆ ಕಿವಿಯ ಪಕ್ಕ ಒತ್ತಿದಂತೆ ಕೂರುತ್ತದೆ. ಅದು ತಿಳಿಯುವ ಹೊತ್ತಿಗೆ ಹನ್ನೆರಡು ಚೀಲ ಬಿಚ್ಚಿ ಹೊಲಿದಿದ್ದೆವು.

ಹೆಸರು ಬರೆಸುವ ದಿನ ಬಂಡಿಯಲ್ಲಿ, ಬಸ್ಸಿನಲ್ಲಿ, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಇನ್ನೂರು ಮಂದಿ ಬಂದರು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಮೂತ್ರವನ್ನು ನೀಲಿ ನೀರಿನಲ್ಲಿ ಕುದಿಸಿ ಸಕ್ಕರೆ ರೋಗ ಇದೆಯೇ ಪರೀಕ್ಷಿಸಿ, ನಲವತ್ತೊಂದು ಜನರನ್ನು ಆರಿಸಿದರು. ಯಾವ ಕಣ್ಣೋ ಆ ಹುಬ್ಬಿನ ಮೇಲೆ ಶಾಯಿಯ ಗುರುತು, ಹಣೆಗೆ ಪಟ್ಟಿ ಅಂಟಿಸಿ ನಂಬರು.

ಹದಿನೇಳನೆಯ ನಂಬರಿನವರು ಭಾನುವಳ್ಳಿಯ ಅಜ್ಜಿ. ಸೊಸೆಯ ಜೊತೆ ಬಂದಿದ್ದರು. ಬಲಗಣ್ಣು ಬೆಳ್ಳಗೆ ಬತ್ತಿಹೋಗಿತ್ತು.

"ಇದಕ್ಕೇನಾತು?" ಎಂದು ಕೇಳಿದೆ.

"ಸಂತಿಯಾಗ ಒಬ್ಬ ಬಂದಿದ್ದ ಕಣವ್ವಾ. ಸೂಜಿ ಹಾಕಿ ಪೊರೆ ಕೆಳಗ ಬೀಳಿಸ್ತೀನಿ ಅಂದ. ಬೀಳಿಸಿದ. ಪೊರೆ ಕೂಡ ಕಣ್ಣೂ ಬಿತ್ತು."

"ಮತ್ತೆ ಇಲ್ಲಿಗೆ ಬರಾಕ ಹೆದರಿಕಿ ಆಗ್ಲಿಲ್ಲೇನು?"

"ಆತು. ಆದ್ರ ನಾಲಿ ನೀರು ಬಂದ ಮ್ಯಾಲೆ ಸೊಸಿಗೆ ಗದ್ದಿ ಕೆಲಸ ಮೈತುಂಬ ಐತೆ. ನನ್ನ ಕೈ ಹಿಡ್ದು ತಿರುಗಿಸಾಕ ಅಕಿಗೆ ಎಲ್ಲಿ ಪುರುಸೊತ್ತು? ಇದೊಂದು ಉಳೀತು ಅಂದ್ರೆ ನಾನೂ ಒಂದಾಳು. ಹೋತು ಅಂದ್ರೆ ಗ್ವಾಡಿ ಸವರಿಕೆಂತ ಸಾಯಬೇಕು."

ಸೊಸೆ ಮುಖ ತಿರುಗಿಸಿಕೊಂಡಳು. ಡಾಕ್ಟರು ಆ ಎಡಗಣ್ಣನ್ನು ಬಹಳ ಹೊತ್ತು ನೋಡಿದರು. "ಇರೋದೇ ಒಂದು. ಇವರನ್ನು ಹುಷಾರಾಗಿ ನೋಡ್ಕೊಳ್ಳಿ" ಎಂದು ನನಗೆ ಹೇಳಿದರು.

ಎರಡು ಮೇಜು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ನಲವತ್ತೊಂದೂ ಮುಗಿಸಿದರು. ನಾಲ್ಕು ಜನ ಹಲಗೆಯ ಮೇಲೆ ಹೊತ್ತು ತರುವುದು, ಇಬ್ಬರು ತಲೆ ಹಿಡಿದು ಚಾಪೆಯ ಮೇಲೆ ಇಳಿಸುವುದು, ನಾನು ಚೀಲ ಇಡುವುದು. ಎರಡೂ ಕಣ್ಣಿಗೆ ಕಟ್ಟು. ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು, ನಡುವೆ ಹಗ್ಗಕ್ಕೆ ಇಳಿಬಿಟ್ಟ ಪರದೆ. ಅಷ್ಟು ಜನ ಇದ್ದೂ ಆ ಛತ್ರ ಅಷ್ಟು ಸುಮ್ಮನಿದ್ದುದನ್ನು ನಾನು ಮತ್ತೆಂದೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗಂಜಿ ಹಂಚಿದೆವು. ಅಗಿಯುವಂತಿಲ್ಲವಾದ್ದರಿಂದ ತೆಳ್ಳಗೆ, ಚಮಚದಿಂದ ಬಾಯಿಗೆ ಬಿಡಬೇಕು. ಒಬ್ಬರು ಕುಡಿದರು, ಇಬ್ಬರು ಕುಡಿದರು. ಆಮೇಲೆ ಸಾಲಾಗಿ "ಹಸಿವಿಲ್ರಿ", "ಆಮ್ಯಾಲೆ ನೋಡಾನ", "ಬ್ಯಾಡ ತಾಯಿ". ಸುಮಾರು ಮೂವತ್ತು ಬಟ್ಟಲು ಹಾಗೇ ವಾಪಸು. ನೀರೂ ಬೇಡ. ಹೆದರಿಕೆಗೆ ಹೀಗಾಗುತ್ತದೆ, ಮಧ್ಯಾಹ್ನ ಕೇಳುತ್ತಾರೆ ಎಂದರು ಡಾಕ್ಟರು. ಮಧ್ಯಾಹ್ನವೂ ಕೇಳಲಿಲ್ಲ.

ನಮ್ಮ ಅಡುಗೆಯಜ್ಜ ಆವರಗೆರೆಯವನು, ಮದುವೆಮನೆಗಳ ಅಡುಗೆಯವನು. ಬಟ್ಟಲು ತುಂಬಿದಂತೆಯೇ ತಿರುಗಿ ಬಂದದ್ದು ಅವನಿಗೆ ಸಹಿಸಲಾಗಲಿಲ್ಲ. "ಉಪ್ಪಿಲ್ಲ ಹುಳಿಯಿಲ್ಲ, ಈ ಗಂಜಿ ಯಾರು ಕುಡೀತಾರ್ರಿ? ಒಂದು ಸಾರು ಮಾಡ್ತೀನಿ, ವಾಸನಿಗೇ ಬಾಯಿ ತೆಗೀತಾರ" ಎಂದಿದ್ದ. ನಾನು ಬೇರೆ ಗಡಿಬಿಡಿಯಲ್ಲಿ ಹೂಂ ಎಂದಿರಬೇಕು. ಅವನು ಕಾದ ಎಣ್ಣೆಗೆ ಹಿಡಿ ಒಣಮೆಣಸಿನಕಾಯಿ ಹಾಕಿದ.

ಘಾಟು ಹಿತ್ತಿಲ ಬಾಗಿಲಿನಿಂದ ಬಂದು ಪಡಸಾಲೆ ತುಂಬಿತು. ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಎಲ್ಲರೂ. ನಾನು ಅಡುಗೆಮನೆಗೆ ಓಡಿ ಕಡಾಯಿಯ ಮೇಲೆ ಹಸಿ ಗೋಣಿ ಎಸೆದು, ಬಾಗಿಲು ಹಾಕಿ ತಿರುಗಿ ಬರುವ ಹೊತ್ತಿಗೆ ಡಾಕ್ಟರು ಒಬ್ಬೊಬ್ಬರ ಎದೆ ಒತ್ತಿ ಹಿಡಿದು, "ಬಾಯಿ ತೆಗೀರಿ, ಬಾಯಲ್ಲಿ ಉಸಿರು ಬಿಡಿ" ಎನ್ನುತ್ತಿದ್ದರು. ಆಮೇಲೆ ಎಲ್ಲರ ಕಟ್ಟು ಎತ್ತಿ ನೋಡಿದಾಗ ಇಬ್ಬರ ಗಾಯ ಬಾಯಿಬಿಟ್ಟಿತ್ತು. ಅವರನ್ನು ತಿರುಗಿ ಮೇಜಿಗೆ ಹೊತ್ತರು. ಒಬ್ಬರಿಗೆ ಕಣ್ಣು ದಕ್ಕಿತು, ಇನ್ನೊಬ್ಬರಿಗೆ ದಕ್ಕಲಿಲ್ಲ. ಅದನ್ನು ಬರೆಯದೆ ಮುಂದೆ ಹೋಗುವುದು ಸರಿಯಲ್ಲ. ನಾನು ಹೂಂ ಎಂದಿದ್ದೆ.

ಆ ಗದ್ದಲದಲ್ಲೇ ಹದಿನೇಳನೆಯ ಚಾಪೆಯ ಕಡೆ ನೋಡಿದೆ. ಅಜ್ಜಿ ಕೆಮ್ಮುತ್ತಿರಲಿಲ್ಲ. ಒಂದು ಮೊಣಕೈ ಊರಿ ಅರ್ಧ ಎದ್ದಿದ್ದರು. ಇನ್ನೊಂದು ಕೈ ನೆಲ ಸವರುತ್ತಿತ್ತು. ಓಡಿ ಹೋಗಿ ಭುಜ ಹಿಡಿದು ಮೆಲ್ಲಗೆ ಒರಗಿಸಿದೆ.

"ಎಲ್ಲಿಗೆ ಹೊಂಟ್ರಿ ಅಜ್ಜಿ?"

"ತಂಬಿಗಿ ಹುಡುಕ್ತಿದ್ನವ್ವ. ಎಲ್ರೂ ಕೆಮ್ಮಾಕ ಹತ್ಯಾರ, ನನ್ನ ಯಾರೂ ನೋಡಂಗಿಲ್ಲ ಅಂತ. ಎರಡು ತಂಬಿಗಿ ಮೈಮ್ಯಾಲೆ ಹಾಕ್ಕೆಂಡು ಪೂಜಿ ಮುಗಿಸಿದ್ರೆ ಒಂದು ಗುಟುಕು ನೀರು ಕುಡೀಬೋದಿತ್ತು. ನಾಲಿಗಿ ಅಂಟಿಕೆಂಡೈತೆ."

ಆಗ ನನಗೆ ತಿಳಿಯಿತು. ಅವರ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಶಸ್ತ್ರಕ್ರಿಯೆಗೆ ಮುಂಚೆ ನಾನೇ ರಟ್ಟೆಗೆ ಕಟ್ಟಿಸಿದ್ದೆ. ನನ್ನ ಕೊರಳಲ್ಲೂ ಇತ್ತು. ನಾವು ಆರೂ ಜನ ಟ್ರಸ್ಟಿಗಳು ಆ ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಆಮೇಲೆ ನಾಷ್ಟಾ ಮುಗಿಸಿ ಬಂದವರು. ಪೂಜೆಯಾಗದೆ ನಮ್ಮಲ್ಲಿ ಹನಿ ನೀರು ಬಾಯಿಗೆ ಬಿಡುವುದಿಲ್ಲ. ಹದಿನೈದು ದಿನ ಮರಳು ಹುರಿದೆವು, ನೆಲ ತಿಕ್ಕಿದೆವು. ನಮ್ಮ ಹಾಗೆಯೇ ಇರುವ ಮೂವತ್ತು ಜನ ಮಲಗಿದಲ್ಲಿ ಪೂಜೆ ಹೇಗೆ ಮಾಡುತ್ತಾರೆಂದು ಒಬ್ಬರಿಗೂ ಹೊಳೆಯಲಿಲ್ಲ. ಡಾಕ್ಟರ ಮುಂದೆ ಹೇಳಲು ಅವರಿಗೆ ಸಂಕೋಚ. ಹಸಿವಿಲ್ಲವೆಂದರು.

ಡಾಕ್ಟರು ಅಜ್ಜಿಯ ಕಟ್ಟು ಎತ್ತಿ ನೋಡಿದರು. "ಇನ್ನೂ ಸರಿಯಿದೆ. ಇನ್ನೊಂದು ಸಲ ಎದ್ದರೆ ಇರೋಲ್ಲ. ಕೈ ಕಟ್ಟಿಬಿಡಿ" ಎಂದರು. ಅವರು ಕಟುಕರಲ್ಲ. ಬೇರೆ ಊರುಗಳಲ್ಲಿ ಹಾಗೆ ಕೈ ಕಟ್ಟಿಯೇ ಕಣ್ಣು ಉಳಿಸಿದ್ದರು. ನರ್ಸು ನನ್ನ ಕೈಗೆ ಎರಡು ಪಟ್ಟಿ ಬಟ್ಟೆ ಕೊಟ್ಟಳು.

"ಕಟ್ಟವ್ವ, ನಿನ್ನ ಕೆಲಸ ನೀನು ಮಾಡು" ಎಂದರು ಅಜ್ಜಿ. "ಕೈ ಕಟ್ಟಿದ ಮ್ಯಾಲೆ ಬಾಯಿಗೆ ನೀರು ಮಾತ್ರ ಬಿಡಬ್ಯಾಡ. ಅಷ್ಟು ನಡೆಸಿಕೊಡು."

ಪರದೆಯ ಆಚೆಯಿಂದ ಒಂದು ದೊಡ್ಡ ದನಿ ಬಂತು. ಹರಿಹರ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುವ ಸಾಹೇಬರು, ಇಪ್ಪತ್ತಾರನೆಯ ನಂಬರು. "ಅಮ್ಮಾರೆ, ಒಂದು ಮಾತು ಹೇಳ್ಲಾ? ನಾನು ನಿನ್ನೆಯಿಂದ ನಮಾಜು ಬಿಟ್ಟಿಲ್ಲ. ಏಳಕ್ಕಾಗದವ್ರು ಮಲಗಿದಲ್ಲೇ ಮಾಡಬೋದು ಅಂತ ನಮ್ಮಲ್ಲಿ ಐತೆ. ನಿಮ್ಮಲ್ಲಿ ಹಂಗೇನೂ ಇಲ್ವಾ?"

"ನಿಮ್ಮಲ್ಲಿ ಬರೆದಿಟ್ಟಾರ, ನಿಮಗ ಸಲೀಸು" ಎಂದರು ಅಜ್ಜಿ. "ನಮಗ ಯಾರು ಹೇಳ್ಯಾರ?"

ನಾನು ಪಟ್ಟಿಗಳನ್ನು ಹಿಡಿದೇ ಜಗಲಿಗೆ ಹೋಗಿ ಅಧ್ಯಕ್ಷರಿಗೆ ವಿಷಯ ತಿಳಿಸಿದೆ. ಮಲಗಿದಲ್ಲೇ ಪೂಜೆ ಮಾಡಿಸೋಣ ಎಂದೆ. ಅವರು ಒಳ್ಳೆಯವರು, ಆದರೆ ಕಟ್ಟುನಿಟ್ಟು.

"ಮೈಲಿಗಿ ಮೈಯಾಗ, ಮಲಗಿಕೆಂಡು ಲಿಂಗ ಹಿಡೀ ಅನ್ನಾಕ ನಾವ್ಯಾರು ತಾಯಿ? ಮಠಕ್ಕ ಆಳು ಕಳಿಸ್ತೀನಿ. ಸ್ವಾಮಿಗಳು ಅಪ್ಪಣಿ ಕೊಟ್ರೆ ಮಾಡ್ಸೋಣ."

"ಹೋಗಿ ಬರಾಕ ಎಷ್ಟು ದಿನ ಬೇಕ್ರಿ?"

"ಎರಡು ದಿನ."

"ಎರಡು ದಿನ ಆ ಅಜ್ಜಿ ನೀರು ಕುಡಿಯಂಗಿಲ್ರಿ. ಕೈ ಬಿಚ್ಚಿದ್ರೆ ಏಳ್ತಾಳ. ಕಟ್ಟಿದ್ರೆ ಒಣಗ್ತಾಳ."

ಅವರು ಶಲ್ಯದಿಂದ ಮುಖ ಒರೆಸಿಕೊಂಡರು. ಸಭೆ ಕರೆಯಲು ಹೊತ್ತಿರಲಿಲ್ಲ. ಎರಡು ವರ್ಷ ತೋರಿಸಿದ ಕಡೆ ಸಹಿ ಹಾಕಿದವಳು ನಾನು.

"ಆಳು ಹೋಗ್ಲಿ. ಅಪ್ಪಣಿ ಬರೋತನಕ ತಪ್ಪು ನನ್ನ ಮ್ಯಾಲಿರ್ಲಿ" ಎಂದೆ. ಅವರು ಆಳನ್ನು ಮಠಕ್ಕೆ ಕಳಿಸಿ, ಚಪ್ಪಲಿ ಮೆಟ್ಟಿಕೊಂಡು ಒಬ್ಬರೇ ಹೊಳೆಯ ಕಡೆ ಹೋದರು.

ಒಳಗೆ ಬಂದು ಡಾಕ್ಟರನ್ನು ಕೇಳಿದೆ, "ತಲಿ ಅಲುಗಾಡಬಾರದು. ಕೈ ಅಲುಗಾಡಬೋದೇನ್ರಿ?"

ಅವರು ಸ್ವಲ್ಪ ಯೋಚಿಸಿದರು. "ಮೊಣಕೈ ಚಾಪೆಗೆ ತಾಗಿರಬೇಕು. ಹಣೆ ಹತ್ತಿರ ವಿಭೂತಿ ಪುಡಿ ಬರಕೂಡದು. ಕಟ್ಟಿಗೆ ಒಂದು ಹನಿ ನೀರು ತಾಗಕೂಡದು. ತಾಗಿದರೆ ಜವಾಬ್ದಾರಿ ನಿಮ್ಮದು."

ಕೈ ಕಟ್ಟುವ ಪಟ್ಟಿಗಳನ್ನೇ ಬಿಸಿನೀರಿನಲ್ಲಿ ಅದ್ದಿ ಹಿಂಡಿ ಅಜ್ಜಿಯ ಕಾಲು, ಕೈ, ಕೊರಳು ಒರೆಸಿದೆ. ಅಂಗಳದಲ್ಲಿ ಬಿಲ್ವಪತ್ರೆಯ ಮರವಿತ್ತು, ಸೊಸೆ ನಾಲ್ಕು ದಳ ಕಿತ್ತು ತಂದಳು. ವಿಭೂತಿಯನ್ನು ನೀರಲ್ಲಿ ಕಲಸಿ ತೋಳಿಗೆ, ಎದೆಗೆ ಮಾತ್ರ ಹಚ್ಚಿದೆ. ಎಡಮೊಣಕೈ ಚಾಪೆಗೆ ತಾಗಿಸಿ ಪಕ್ಕಕ್ಕೆ ಒಂದು ಮರಳಿನ ಚೀಲ, ಮುಂಗೈ ಹೊಟ್ಟೆಯ ಮೇಲೆ, ಅದರ ಕೆಳಗೆ ತಟ್ಟೆ. ಇನ್ನೊಬ್ಬರ ಲಿಂಗ ನಾನು ಮುಟ್ಟುವಂತಿಲ್ಲ. ಅಜ್ಜಿಯೇ ಬಲಗೈಯಲ್ಲಿ ಕರಡಿಗೆ ಬಿಚ್ಚಿ, ಲಿಂಗ ತೆಗೆದು ಎಡ ಅಂಗೈಗೆ ಇಟ್ಟುಕೊಂಡರು. ತಲೆ ಕದಲಲಿಲ್ಲ.

"ನೋಡಬೇಕಲ್ಲವ್ವ" ಎಂದರು ಆಮೇಲೆ. "ಲಿಂಗ ನೋಡದೆ ಪೂಜಿ ಹೆಂಗೆ? ಕಣ್ಣು ಕಟ್ಟೈತೆ."

ಸ್ವಾಮಿಗಳಾಗಿದ್ದರೆ ಏನಾದರೂ ಹೇಳುತ್ತಿದ್ದರು. ನಾನು ಅಡುಗೆಮನೆ ಹೆಂಗಸು. "ಅದು ನಿಮ್ಮನ್ನ ನೋಡ್ತೈತೆ ಬಿಡ್ರಿ, ಇವತ್ತೊಂದಿನ" ಎಂದುಬಿಟ್ಟೆ.

ಅಜ್ಜಿ ಅಂಗೈಯನ್ನು ಗುಣಿ ಮಾಡಿ, "ಹಾಕು ನೀರು" ಎಂದರು.

ಚಮಚದಿಂದ ಒಂದು ಹನಿ, ಎರಡು ಹನಿ ಬಿಟ್ಟೆ. ಅಂಗೈಯ ಗುಣಿಯಲ್ಲಿ ಲಿಂಗದ ಸುತ್ತ ನೀರು ನಿಂತಿತು. ಪತ್ರೆ ಇಟ್ಟರು. ತುಟಿ ಮಾತ್ರ ಆಡುತ್ತಿತ್ತು. ಅವರ ಮುಂಗೈ ಜಾರದಿರಲೆಂದು ನಾನು ಕೆಳಗೆ ಬೆರಳು ಕೊಟ್ಟಿದ್ದೆ. ಆಗ ನೋಡಿದೆ. ಆ ನೀರು ಅಲುಗುತ್ತಿರಲಿಲ್ಲ. ನಿನ್ನೆಯಿಂದ ಹೊಟ್ಟೆಗೆ ಹನಿಯಿಲ್ಲದ, ಒಂದೇ ಕಣ್ಣು ಪಣಕ್ಕಿಟ್ಟ ಮುದುಕಿಯ ಅಂಗೈಯಲ್ಲಿ ನೀರು ಗಾಜಿನಂತೆ ನಿಂತಿತ್ತು. ಮೇಲಿನ ಕಿಟಕಿಯ ಸರಳುಗಳು ಅದರಲ್ಲಿ ಕಾಣುತ್ತಿದ್ದವು. ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ. ಪಕ್ಕದ ಚಾಪೆಗಳಲ್ಲಿ ಪಿಸುಮಾತು ನಿಂತಿತು. ನಾನು ದಿನಾ ಪೂಜೆ ಮಾಡುವವಳೇ. ಹಾಲು ಉಕ್ಕೀತು, ಆಳು ಬಂದಾಳು ಎಂದು ಅರ್ಧ ಗಮನ ಒಲೆಯ ಮೇಲಿಟ್ಟು ಮಾಡುವವಳು. ಮನುಷ್ಯರು ಇಷ್ಟು ನಿಶ್ಚಲ ಇರಬಲ್ಲರು ಎಂಬುದನ್ನು ಅವತ್ತೇ ಕಂಡೆ.

ಲಿಂಗ ಕರಡಿಗೆಗೆ ಹೋಯಿತು. ತಟ್ಟೆಯ ನೀರಿನಿಂದ ಒಂದು ಚಮಚ ತೀರ್ಥ ಬಾಯಿಗೆ ಬಿಟ್ಟೆ, ಆಮೇಲೆ ನೀರು, ಆಮೇಲೆ ಗಂಜಿ. ಎರಡು ಬಟ್ಟಲು ಕುಡಿದರು.

"ಈಗ ಕಟ್ಟವ್ವ ಕೈ."

"ಕಟ್ಟಲ್ಲ ಬಿಡ್ರಿ. ಪಟ್ಟಿ ಒದ್ದಿ ಆಗ್ಯಾವ" ಎಂದೆ.

ಆಚೆ ಚಾಪೆಯ ಹೆಂಗಸು "ನನಗೂ ಮಾಡಿಸ್ರಿ" ಎಂದಳು. ಪರದೆಯಾಚೆ ಗಂಡಸರು ಕೂಗಿದರು. ನಾನು, ಸೊಸೆ, ನೀರು ಸೇದಲು ಬಂದ ಇಬ್ಬರು ಹೆಂಗಸರು ಆ ಕಡೆ ಈ ಕಡೆ ಹಂಚಿಕೊಂಡು ಸಂಜೆಯವರೆಗೆ ಮೂವತ್ತು ಪೂಜೆ ಮಾಡಿಸಿದೆವು. ಅಧ್ಯಕ್ಷರು ಹೊಳೆಯಿಂದ ತಿರುಗಿ ಬಂದವರು ಬಾಗಿಲಲ್ಲಿ ನಿಂತು ನೋಡಿ, ಶಲ್ಯ ಸೊಂಟಕ್ಕೆ ಸುತ್ತಿ, ಗಂಡಸರ ಕಡೆಗೆ ನೀರಿನ ತಂಬಿಗೆ ಹಿಡಿದು ಹೋದರು. ಮರುದಿನ ಡಾಕ್ಟರು ತಮ್ಮ ಬೆಳಗಿನ ಸುತ್ತನ್ನು ಒಂದು ಗಂಟೆ ತಡಮಾಡಿದರು. ಎರಡು ದಿನದ ಮೇಲೆ ಮಠದಿಂದ ಅಪ್ಪಣೆಯೂ ಬಂತು. ಅಷ್ಟು ಹೊತ್ತಿಗೆ ಒಬ್ಬರೂ ಉಪವಾಸವಿರಲಿಲ್ಲ.

ಕಟ್ಟು ಬಿಚ್ಚುವ ದಿನ ನಾನು ಡಾಕ್ಟರ ಪಕ್ಕ ತಟ್ಟೆ ಹಿಡಿದು ನಿಂತೆ. ಕತ್ತರಿ, ಹತ್ತಿ, ಔಷಧದ ನೀರು. ಹದಿನೇಳರ ಸರದಿ ಬಂದಾಗ ಸೊಸೆ ಗೋಡೆಗೆ ಒರಗಿದಳು. ಅಜ್ಜಿಯನ್ನು ದಿಂಬಿಗೆ ಒರಗಿಸಿ ಕೂರಿಸಿ, ಕಟ್ಟು ಕತ್ತರಿಸಿ, ರೆಪ್ಪೆಗೆ ಅಂಟಿದ್ದ ಹತ್ತಿಯನ್ನು ನೆನೆಸಿ ತೆಗೆದರು. ರೆಪ್ಪೆ ತೆರೆಯಿತು. ಡಾಕ್ಟರು ಒಂದು ದಪ್ಪ ಗಾಜನ್ನು ಆ ಕಣ್ಣಿನ ಮುಂದೆ ಹಿಡಿದರು.

"ಏನು ಕಾಣುತ್ತೆ ಅಜ್ಜಿ?"

ಅಜ್ಜಿ ತಮ್ಮ ಕೈ ಎತ್ತಿ ಗಾಜಿನ ಮುಂದೆ ತಂದರು. ತಿರುಗಿಸಿದರು, ಹೊರಳಿಸಿದರು.

"ಇದೇನವ್ವ, ನನ್ನ ಕೈ ಇಷ್ಟು ಮುದಿ ಆಗೈತೆ" ಎಂದರು. "ಕುರುಡಿ ಆದಾಗ ಇಷ್ಟು ಇರಲಿಲ್ಲ."

ಆಮೇಲೆ ಸೊಸೆಯನ್ನು ಹುಡುಕಿ, "ನೀನೂ ಬಡವಾಗೀಯಲ್ಲೇ. ನನ್ನ ಮುಂದೆ ಉಂಡೆ ಉಂಡೆ ಅಂತ ಸುಳ್ಳು ಹೇಳ್ತಿದ್ಯಾ?" ಎಂದರು. ಸೊಸೆ ಸೆರಗು ಬಾಯಿಗೆ ತುರುಕಿಕೊಂಡಳು. ನನ್ನ ಮುಖದ ಮೇಲೆ ಆ ಕಣ್ಣು ಬಂದು ನಿಂತಿತು. "ನೀನೇನು? ದನಿ ಕೇಳಿ ನನ್ನ ವಾರಿಗಿಯಾಕಿ ಅಂದ್ಕೊಂಡಿದ್ದೆ. ಇನ್ನೂ ಕೂಸು."

ಪರದೆಯನ್ನು ಅಷ್ಟು ಹೊತ್ತಿಗೆ ಸರಿಸಿದ್ದರು. ಅಜ್ಜಿ ಗಾಜನ್ನು ತಾವೇ ಹಿಡಿದುಕೊಂಡು ಆ ಕಡೆ ನೋಡಿದರು. "ಆ ನಮಾಜಿನ ಅಣ್ಣ ಯಾರು?"

"ನಾನೇ ಅಕ್ಕ" ಎಂದರು ಟಾಂಗಾ ಸಾಹೇಬರು. ಅವರ ಕಟ್ಟು ಇನ್ನೂ ಬಿಚ್ಚಿರಲಿಲ್ಲ.

"ಅಷ್ಟು ದೊಡ್ಡ ದನಿ, ಹಿಡಿಯಷ್ಟು ಅದೀಯಲ್ಲೋ."

"ತಡಿ ಅಕ್ಕ, ನಂದೂ ಬಿಚ್ಚಲಿ. ನೀನು ಎಷ್ಟು ಚಂದ ಅದೀ ಅಂತ ಊರೆಲ್ಲ ಹೇಳ್ತೀನಿ."

ಚಾಪೆಗಳ ಉದ್ದಕ್ಕೂ ನಗು ಹರಿಯಿತು. ಇನ್ನೂ ಕತ್ತಲೆಯಲ್ಲಿದ್ದವರೂ ನಕ್ಕರು. ಅಜ್ಜಿ ಗಾಜು ಹಿಡಿದು ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ, ಒಂದನ್ನೂ ಬಿಡದೆ ನೋಡುತ್ತಿದ್ದರು. ಡಾಕ್ಟರು ಮುಂದಿನ ಚಾಪೆಯ ಬಳಿ ಕೂತು ಕತ್ತರಿಗೆಂದು ಕೈ ಚಾಚಿದ್ದರಂತೆ, ಎರಡು ಸಲ ಕರೆದರಂತೆ. ತಟ್ಟೆ ನನ್ನ ಕೈಯಲ್ಲೇ ಇತ್ತು. ನಾನು ಅಜ್ಜಿ ನೋಡುವುದನ್ನೇ ನೋಡುತ್ತ ನಿಂತಿದ್ದೆ.